ಎರಡು ಅಮಾವಾಸ್ಯೆಗಳ ನಡುವಿನ ಬೆಳೆ

ಅಮರಕೋಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಿಗೆ ‘ಆಲು’ ಎಂಬ ಶಬ್ದವು ಹೊಸದಲ್ಲ. ಆದರೆ ಅಲ್ಲಿ ಅದು ಗಡ್ಡೆಯ ಹೆಸರಲ್ಲ, ಸಣ್ಣದೊಂದು ನೀರಿನ ಪಾತ್ರೆಯ ಹೆಸರು. ವೈದ್ಯಗ್ರಂಥಗಳಲ್ಲಿ ಬರುವ ‘ಆಲುಕ’ವು ಗಡ್ಡೆಯೇ ಆದರೂ ಅದು ನಮ್ಮ ಕಾಡುಗೆಣಸು ಮೊದಲಾದವುಗಳಿಗೆ ಸಲ್ಲುತ್ತಿದ್ದ ಹೆಸರು. ಇಂದು ನಾವು ಆಲೂಗಡ್ಡೆಯೆನ್ನುವ ವಸ್ತುವನ್ನು ಆ ಗ್ರಂಥಕಾರರಲ್ಲಿ ಯಾರೂ ಕಂಡಿರಲಾರರು. ಅದು ದಕ್ಷಿಣ ಅಮೇರಿಕದ ಆಂಡೀಸ್ ಪರ್ವತಗಳ ಎತ್ತರದ ನೆಲದಲ್ಲಿ ಹುಟ್ಟಿ, ೧೬ನೆಯ ಶತಮಾನದಲ್ಲಿ ಸ್ಪೇನಿನವರ ಕೈಯಿಂದ ಯುರೋಪ ಖಂಡಕ್ಕೂ, ಆಮೇಲೆ ಪೋರ್ತುಗೀಜರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಬಂದಿತು. ಧಾರವಾಡ, ಕಾರವಾರಗಳ ಕಡೆಯವರು ಅದನ್ನು ಬಟಾಟೆಯೆಂದು ಪೋರ್ತುಗೀಜರ ಮಾತಿನಿಂದಲೇ ಕರೆಯುವರು. ಮೈಸೂರಿನ ಕಡೆಗೆ ಉರುಳಗಡ್ಡೆಯೆನ್ನುವದುಂಟು. ನಮ್ಮ ಮಾನವಿ ತಾಲೂಕಿನವರು ಆಲೂಗಡ್ಡಿಯೆನ್ನುವರು.

ಹಿರೇಕೊಟ್ನೆಕಲ್ಲಿನ ನನ್ನ ಮನೆಯ ಹಿತ್ತಲಲ್ಲಿ ಈ ಗಡ್ಡೆಯನ್ನು ಹಿಂಗಾರಿಯಲ್ಲಿ ಬೆಳೆಯತೊಡಗಿ ನಾಲ್ಕು ವರ್ಷಗಳಾದವು. ಅಧ್ಯಾಪನದಿಂದ ನಿವೃತ್ತನಾದವನಿಗೆ ಬೆಳಗಿನ ಎರಡು ತಾಸು ಬರಿದಾಗಿ ಉಳಿಯುವದೇ ಇದಕ್ಕೆ ಮೊದಲ ಕಾರಣವೆಂದು ಹೇಳಿದರೆ ಸುಳ್ಳಾಗದು. ನೆರೆಯ ಒಕ್ಕಲಿಗರೊಬ್ಬರು ಬೇಲಿಯ ಆಚೆ ನಿಂತು, “ಯಾಕ್ರಿ ಮಾಸ್ತರ್ರ, ಸಂತ್ಯಾಗ ಆಲೂಗಡ್ಡಿ ಸಿಗಂಗಿಲ್ಲೇನ್ರಿ? ಒಂದು ಬುಟ್ಟಿ ಗಡ್ಡಿಗೆ ಇಷ್ಟೆಲ್ಲಾ ತ್ರಾಸು ತಗೋತೀರಲ್ಲ!” ಎಂದು ಕೇಳಿದರು. ಪ್ರಶ್ನೆಯು ಯೋಗ್ಯವಾದುದೇ. ವಾಚಕರೂ ಅದನ್ನೇ ಕೇಳಬಹುದಾದ್ದರಿಂದ ಇಲ್ಲಿ ಉತ್ತರವನ್ನು ಅರಿಕೆ ಮಾಡಿಕೊಳ್ಳುವೆನು.

ಸಂತೆಯಲ್ಲಿ ದೊರೆಯುವದು ಬಲಿತ ಗಡ್ಡೆ. ಎಳೆಯ ಗಡ್ಡೆಯು ಬೇರೆಯೇ ವಸ್ತು. ಅದರ ಸಿಪ್ಪೆಯು ಹೆಬ್ಬೆರಳಿನಿಂದ ಒರಸಿದರೆ ಸುಲಿದು ಬರುವಷ್ಟು ತೆಳ್ಳಗಿರುವದರಿಂದ ಅದು ದೂರದ ಪ್ರಯಾಣವನ್ನು ತಾಳದು. ಚೀಲದಲ್ಲಿ ತಿಕ್ಕಾಡಿ ಬೇಗನೆ ಕೆಡುವದು. ಆದುದರಿಂದ ಅದನ್ನು ಉಣ್ಣಬೇಕಾದರೆ ಅದು ಬೆಳೆದಲ್ಲಿಗೆ ನಾವು ಹೋಗಬೇಕು, ಇಲ್ಲವೆ ನಾವಿದ್ದಲ್ಲಿ ಅದನ್ನು ಬೆಳೆಯಬೇಕು.

ಆದರೆ ನಮ್ಮದು ಬಿಸಿಲಿನ ಸೀಮೆ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಎಡೆದೊರೆನಾಡಿನಲ್ಲಿ ಬೇಸಿಗೆಯ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವದು ವಾಡಿಕೆ. ಪರ್ವತದಲ್ಲಿ ಹುಟ್ಟಿದ ಈ ಗಿಡವೋ ತಂಪಾದ ರಾತ್ರಿಗಳನ್ನು ಬೇಡುವದು. ರಾತ್ರಿಯ ಉಷ್ಣಮಾನವು ಸುಮಾರು ೨೦ ಡಿಗ್ರಿಯ ಒಳಗೆ ಇಳಿದರೆ ಮಾತ್ರ ಗಿಡವು ಎಲೆಯಲ್ಲಿ ಕಟ್ಟಿದ ಸತ್ವವನ್ನು ಕೆಳಗಿಳಿಸಿ ಗಡ್ಡೆಯಾಗಿ ಕೂಡಿಡುವದು. ಸೆಕೆ ಹೆಚ್ಚಿದಂತೆ ಸೊಪ್ಪು ಬೆಳೆಯುವದೇ ಹೊರತು ಬುಡದಲ್ಲಿ ಗಡ್ಡೆ ಕಟ್ಟುವದಿಲ್ಲ. ನಮಗೆ ಅಂತಹ ರಾತ್ರಿಗಳು ದೊರೆಯುವದು ಕಾರ್ತಿಕ, ಮಾರ್ಗಶಿರ, ಪುಷ್ಯಗಳಲ್ಲಿ ಮಾತ್ರ. ಶಿವರಾತ್ರಿಯ ಹೊತ್ತಿಗೆ ಬಿಸಿಲು ಮತ್ತೆ ತಲೆಯೆತ್ತುವದು. ಈ ಕಿರಿದಾದ ಸಂದಿಯಲ್ಲಿಯೇ ಬೆಳೆಯು ಬಂದು ಹೋಗಬೇಕು.

ಇದಕ್ಕಾಗಿ ನಾನು ಪಂಚಾಂಗವನ್ನೇ ಆಶ್ರಯಿಸಿದೆನು. ದೀಪಾವಳಿಯ ಅಮಾವಾಸ್ಯೆಯ ಸುಮಾರಿಗೆ ಗಡ್ಡೆಯನ್ನು ಊರಿದರೆ, ಮಾರ್ಗಶಿರದ ಕೊನೆಗೆ ಬರುವ ಎಳ್ಳಮಾವಾಸ್ಯೆಗೆ ಸರಿಯಾಗಿ ಎರಡು ಚಾಂದ್ರಮಾಸಗಳು, ಅಂದರೆ ೫೯ ದಿನಗಳಾಗುವವು. ಅಷ್ಟರಲ್ಲಿ ಗಿಡದ ಪಕ್ಕದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸರಿಸಿ, ಗಿಡವನ್ನು ಕೀಳದೆಯೇ, ನಿಂಬೆಹಣ್ಣಿನ ಗಾತ್ರದ ಒಂದೆರಡು ಗಡ್ಡೆಗಳನ್ನು ತೆಗೆದುಕೊಳ್ಳಬಹುದು. ಉಳಿದುವನ್ನು ಸಂಕ್ರಮಣದ ಮುಂದಿನ ಎರಡು ವಾರಗಳಲ್ಲಿ ಅಗೆಯಬಹುದು.

ಬೀಜದ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕು. ಗಡ್ಡೆಗೂ ಒಂದು ನಿದ್ರಾಕಾಲವುಂಟು. ಅಗೆದ ಮೇಲೆ ಎರಡು, ಎರಡೂವರೆ ತಿಂಗಳು ಅದರ ಕಣ್ಣುಗಳು ತೆರೆಯುವದಿಲ್ಲ. ಆಗ ಊರಿದರೆ ಮೊಳೆಯದೆ ಮಣ್ಣಿನಲ್ಲಿಯೇ ಕೊಳೆಯುವದುಂಟು. ಹಾಸನದ ಕಡೆಯ ಮುಂಗಾರಿ ಬೆಳೆಯು ಶ್ರಾವಣ, ಭಾದ್ರಪದಗಳಲ್ಲಿ ಹೊರಬರುವದರಿಂದ ಆ ಹೊಸ ಗಡ್ಡೆಯು ನಮ್ಮ ದೀಪಾವಳಿಗೆ ಇನ್ನೂ ನಿದ್ರೆಯಲ್ಲಿರುವದು. ಹಿಂದಿನ ಚಳಿಗಾಲದಲ್ಲಿ ಉತ್ತರದೇಶದಲ್ಲಿ ಬೆಳೆದು ಶೀತಗೃಹದಲ್ಲಿಟ್ಟ ಗಡ್ಡೆಯಾದರೆ ನಿದ್ರೆಯನ್ನು ಮುಗಿಸಿ ಎದ್ದಿರುವದು. ಹಾಸನದ ರೈತರು ಸಹ ಪಂಜಾಬದ ಜಾಲಂಧರದಿಂದ ಬರುವ ಬೀಜವನ್ನೇ ನೆಚ್ಚಿರುವರು. ಅವರಲ್ಲಿ ರೂಢವಾಗಿರುವ ‘ಕುಫ್ರಿ ಜ್ಯೋತಿ’ಯೆಂಬ ತಳಿಯು ೧೯೬೮ರಲ್ಲಿ ಹೊರಬಂದುದು, ಸೆಕೆಯನ್ನು ತುಸು ಹೆಚ್ಚು ಸಹಿಸುವ ‘ಕುಫ್ರಿ ಸೂರ್ಯ’ವೆಂಬದು ೨೦೦೬ರದು. ಕುಫ್ರಿಯೆಂಬದು ಶಿಮ್ಲಾದ ಹತ್ತಿರದ ಊರು. ೧೯೪೯ರಲ್ಲಿ ಪಾಟಣಾದಲ್ಲಿ ಆರಂಭವಾಗಿ ೧೯೫೬ರಲ್ಲಿ ಶಿಮ್ಲಾಕ್ಕೆ ಸ್ಥಳಾಂತರವಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನ ಸಂಸ್ಥೆಯು ತನ್ನ ತಳಿಗಳಿಗೆ ಆ ಊರಿನ ಹೆಸರನ್ನೇ ಮುಂದಿಟ್ಟಿದೆ.

ಬೀಜದ ಗಡ್ಡೆಗಳನ್ನು ಊರುವ ಹತ್ತು ಹನ್ನೆರಡು ದಿನ ಮೊದಲು ನೆರಳಿನಲ್ಲಿ, ಆದರೆ ಬೆಳಕು ಬೀಳುವಲ್ಲಿ, ಒಂದೇ ಪದರಾಗಿ ಹರವಬೇಕು. ಗಿಡ್ಡಾದ ಗಟ್ಟಿ ಮೊಳಕೆಗಳು ಬರುವವು. ನೆಲವು ಇನ್ನೂ ಬೆಚ್ಚಗಿರುವದರಿಂದ ನಮ್ಮಲ್ಲಿ ಗಡ್ಡೆಯನ್ನು ಹೋಳು ಮಾಡದೆ, ಸಣ್ಣ ಗಡ್ಡೆಗಳನ್ನು ಇಡಿಯಾಗಿಯೇ ಊರುವದು ಲೇಸು. ಕೊಯ್ದ ಹೋಳು ಬೇಗನೆ ಕೊಳೆಯುವದು. ಎರೆಯ ನೆಲವು ಇದಕ್ಕೆ ಒಗ್ಗದು. ಹಸಿಯಾದಾಗ ಅಂಟಾಗಿಯೂ ಒಣಗಿದಾಗ ಕಲ್ಲಾಗಿಯೂ ಗಡ್ಡೆಯನ್ನು ಹಿಚುಕುವದು. ನನ್ನ ಹಿತ್ತಲು ಮಸಾರಿಯದು. ಅದಕ್ಕೆ ಹಳ್ಳದ ಮರಳನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಿದೆನು. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಮುಕ್ಕಾಲು ಅಡಿ. ಗಿಡವು ಗೇಣುದ್ದವಾದಾಗ ಬುಡಕ್ಕೆ ಮಣ್ಣೇರಿಸುವದನ್ನು ಮಾತ್ರ ಯಾರೂ ಬಿಡಬಾರದು. ಬಿಸಿಲು ಕಂಡ ಗಡ್ಡೆಯು ಹಸಿರಾಗುವದು. ಹಸಿರಾದುದರಲ್ಲಿ ಸೊಲನಿನ್ ಎಂಬ ವಿಷವು ಸೇರುವದು.

ಈ ಕಾಲಕ್ಕೆ ಮತ್ತೊಂದು ಅನುಕೂಲವುಂಟು. ಮುಂಗಾರಿಯ ಮೋಡ ಮಳೆಗಳಲ್ಲಿ ಹಾಸನದ ಹೊಲಗಳನ್ನು ಕಾಡುವ ಅಂಗಮಾರಿಯು ತಂಪು ಮತ್ತು ತೇವಗಳೆರಡೂ ಕೂಡಿದಲ್ಲಿ ಹಬ್ಬುವ ರೋಗ. ೧೮೪೫ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಹೊಡೆದು, ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರ ಮರಣಕ್ಕೆ ಕಾರಣವಾದುದು ಇದೇ ರೋಗವು. ನಮ್ಮ ಮಾರ್ಗಶಿರದಲ್ಲಿ ತಂಪುಂಟು, ಆದರೆ ಗಾಳಿಯು ಒಣಗಿರುವದು. ಆದ್ದರಿಂದ ಆ ರೋಗಕ್ಕೆ ಇಲ್ಲಿ ಕಾಲೂರಲು ಎಡೆ ಕಡಿಮೆ.

ನೀರಿನ ಮಾತು ಬೇರೆ. ೧೯೫೩ರಿಂದ ತುಂಗಭದ್ರೆಯ ಎಡದಂಡೆಯ ಕಾಲುವೆಯು ನಮ್ಮ ಸೀಮೆಗೆ ಬತ್ತವನ್ನು ತಂದಿತು. ಆದರೆ ಕಾಲುವೆಯ ಕೊನೆಯ ಭಾಗದವರಿಗೆ ಎರಡನೆಯ ಬೆಳೆಯ ನೀರು ಪ್ರತಿವರ್ಷವೂ ಒಂದು ಚಿಂತೆಯೇ. ೨೦೨೪ರ ಆಗಸ್ಟಿನಲ್ಲಿ ಆಣೆಕಟ್ಟಿನ ೧೯ನೆಯ ಗೇಟು ಕೊಚ್ಚಿಹೋದಾಗ ಊರೂರುಗಳಲ್ಲಿ ಜನರು ನಿದ್ದೆಗೆಟ್ಟುದನ್ನು ಬಲ್ಲೆವು. ನನ್ನ ನೂರು ಗಿಡಗಳಿಗೆ ಕಾಲುವೆಯು ಬೇಕಿಲ್ಲ. ವಾರಕ್ಕೊಮ್ಮೆ ಕೊಡದಿಂದ ಸಾಲಿಗೆ ಬಿಟ್ಟ ನೀರು ಸಾಕು, ಹೆಚ್ಚಾದರೆ ಕೇಡು.

ಇನ್ನು ಈ ಬೆಳೆಯು ನನ್ನ ಮನೆಯೊಳಗೆ ಎಬ್ಬಿಸಿದ ಪ್ರಶ್ನೆಯನ್ನು ಹೇಳುವೆನು. ನನ್ನ ತಂದೆಯವರ ಶ್ರಾದ್ಧವು ಪುಷ್ಯ ಶುದ್ಧ ಪಂಚಮಿಯಂದು, ಎಂದರೆ ಎಳ್ಳಮಾವಾಸ್ಯೆಯಾದ ಐದನೆಯ ದಿನಕ್ಕೆ ಬರುವದು. ಆ ದಿನ ಹಿತ್ತಲದ ಬಾಳೆಯ ಎಲೆ, ಹಿತ್ತಲದ ಬಾಳೆಕಾಯಿ, ಹಾಗಲಕಾಯಿಗಳನ್ನು ಬಳಸುವದು ನಮ್ಮ ಮನೆಯ ನಡೆ. ಅವರೇ ನೆಟ್ಟು ಬೆಳೆಸಿದ ಹಿತ್ತಲದು. ಈಗ ಅದೇ ಮಣ್ಣಿನಲ್ಲಿ, ನನ್ನ ಕೈಯಿಂದ, ಅದೇ ವಾರಕ್ಕೆ ಬಂದ ಫಲವನ್ನು ಅವರ ಎಲೆಗೆ ಬಡಿಸಬೇಕೆಂಬ ಆಸೆಯು ನನಗೆ ಬಲವಾಗಿತ್ತು. ಬದುಕಿದ್ದಾಗ ಆಲೂಗಡ್ಡೆಯ ಪಲ್ಯವೆಂದರೆ ಅವರಿಗೆ ಪ್ರೀತಿಯೇ. ನಿಷೇಧವೆಂಬುದು ವಸ್ತುವನ್ನು ಬಲ್ಲವರ ಬಾಯಿಂದ ಬರಬೇಕಷ್ಟೆ. ಋಷಿಗಳು ಕಾಣದ ಗಡ್ಡೆಯನ್ನು ಋಷಿಗಳು ನಿಷೇಧಿಸಿದರೆನ್ನುವದು ಹೇಗೆ? ಹೀಗೆ ವಾದವನ್ನು ಕಟ್ಟಿಕೊಂಡು ತಾಯಿಯವರ ಮುಂದೆ ಹೋದೆನು.

ಎಂಬತ್ತೇಳು ವರ್ಷದ ನನ್ನ ತಾಯಿಯವರು ವಾದವನ್ನು ಕೇಳಿ ಮುಗಿಸಿ ಇಷ್ಟೇ ಅಂದರು: “ಎಲಿ ಮುಂದ ಬರೋರು ನಿಮ್ಮಪ್ಪ ಒಬ್ಬರೇ ಏನಪಾ? ಅವರಪ್ಪ, ಅವರಜ್ಜ ಎಲ್ಲಾರೂ ಬರ್ತಾರ. ಮೆಣಸಿನಕಾಯಿ ಸೈತ ಅವತ್ತು ಬಡಿಸಂಗಿಲ್ಲ, ಕರಿಮೆಣಸು ಹಾಕ್ತೀವಿ. ಇದನ್ನ ಅವರು ಗುರುತು ಹಿಡಿಬ್ಯಾಡೇನು?”

ವಸು, ರುದ್ರ, ಆದಿತ್ಯರೂಪರಾಗಿ ಮೂರು ತಲೆಮಾರಿನವರನ್ನು ಕೂಡಿಯೇ ಕರೆಯುವೆವೆಂಬುದನ್ನು ನಾನು ಪಾಠಶಾಲೆಯಲ್ಲಿ ಓದಿದವನು. ಆದರೆ ಕರೆದವರ ಪಂಕ್ತಿಯಲ್ಲಿ ಎಲ್ಲರೂ ಬಲ್ಲ ಅಡಿಗೆಯನ್ನೇ ಬಡಿಸಬೇಕೆಂಬ ಗೃಹಿಣಿಯ ನ್ಯಾಯವು ನನ್ನ ಯಾವ ಗ್ರಂಥದಲ್ಲಿಯೂ ಇಷ್ಟು ಸ್ಪಷ್ಟವಾಗಿರಲಿಲ್ಲ. ನಾನು ಸುಮ್ಮನಾದೆನು. ಅವರೇ ಮುಂದುವರಿದು, “ಎಳ್ಳಮಾಸಿಗೆ ಹೊಲಕ್ಕ ತಗೊಂಡು ಹೋಗು. ಭೂಮಿತಾಯಿ ಎಲ್ಲಾ ಉಣ್ತಾಳ” ಎಂದರು.

ನಮ್ಮ ಮೂರೆಕರೆ ಎರೆಹೊಲವನ್ನು ಪಾಲಿಗೆ ಮಾಡುವ ಮನೆಯವರು ಪ್ರತಿವರ್ಷವೂ ಚರಗಕ್ಕೆ ನಮ್ಮನ್ನು ಕರೆಯುವರು. ಬಿಳಿಜೋಳವು ಎದೆಮಟ್ಟಕ್ಕೆ ನಿಂತಿರುವ ಕಾಲವದು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾದ ಹೋಳಿಗೆ, ಬದನೆಯ ಎಣ್ಣೆಗಾಯಿ, ಪುಂಡಿಪಲ್ಯ, ಕೆಂಪು ಖಾರ ಇವುಗಳ ಬುಟ್ಟಿಯ ಪಕ್ಕದಲ್ಲಿ, ಸಿಪ್ಪೆಯೊಡನೆ ಬೇಯಿಸಿ ಗುರೆಳ್ಳಿನ ಪುಡಿಯಲ್ಲಿ ಹೊರಳಿಸಿದ ನನ್ನ ಎಳೆಯ ಗಡ್ಡೆಗಳನ್ನೂ ಇಟ್ಟೆನು. ಮನೆಯ ಹಿರಿಯರು ಪೂಜೆಯಾದ ಮೇಲೆ ಎಲ್ಲದರಲ್ಲಿಯೂ ತುಸು ತುಸು ತೆಗೆದು, ಗಡ್ಡೆಯೊಂದನ್ನೂ ಮುರಿದು ಕಲಸಿ, ಹೊಲದ ಸುತ್ತಲೂ ಕೂಗುತ್ತ ಚೆಲ್ಲಿದರು. ಅದು ಯಾವ ದೇಶದ್ದೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಬುಟ್ಟಿಯಲ್ಲಿ ಉಳಿಯುವದು ಬಹಳವಿರಲಿಲ್ಲ. ಶೇಂಗಾ, ಮೆಣಸಿನಕಾಯಿಗಳು ಆಲೂಗಡ್ಡೆಯಂತೆಯೇ ಅಮೇರಿಕದಿಂದ ಬಂದವು. ನಾವು ನಮ್ಮ ಪ್ರಾಣವೆಂದುಕೊಂಡಿರುವ ಜೋಳ, ಸಜ್ಜೆಗಳೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದು ನೆಲೆಸಿದವು. ಜೋಳವು ನಮ್ಮದಾಗಲು ಆ ಕಾಲವು ಬೇಕಾಯಿತು. ಆಲೂಗಡ್ಡೆಗೆ ಇನ್ನೂ ನಾಲ್ಕು ನೂರು ವರ್ಷಗಳು ಮಾತ್ರ. ಹೊಲದ ಪಂಕ್ತಿಯಲ್ಲಿ ಅದಕ್ಕೆ ಎಡೆ ದೊರೆತಿದೆ; ಪಿತೃಗಳ ಪಂಕ್ತಿಯಲ್ಲಿ ದೊರೆಯುವ ಕಾಲವನ್ನು ನನ್ನ ಮೊಮ್ಮಕ್ಕಳ ಮೊಮ್ಮಕ್ಕಳು ನಿರ್ಣಯಿಸಲಿ.

ಲೆಕ್ಕವನ್ನೂ ಹೇಳಿಬಿಡುವೆನು. ಕಳೆದ ಹಿಂಗಾರಿಯಲ್ಲಿ ಮೂರು ಕಿಲೋ ಬೀಜ ಊರಿ ಹದಿನೆಂಟು ಕಿಲೋ ಪಡೆದೆನು. ಲಾಭದ ವ್ಯವಹಾರವಿದಲ್ಲ. ಬೀಜವನ್ನು ಉಳಿಸಿಕೊಳ್ಳುವದೂ ಸಾಧ್ಯವಿಲ್ಲ. ನಮ್ಮ ವೈಶಾಖದ ಸೆಕೆಯಲ್ಲಿ ಮನೆಯೊಳಗಿಟ್ಟ ಗಡ್ಡೆಯು ಸುಕ್ಕಿ ಕೊಳೆಯುವದು. ಪ್ರತಿವರ್ಷವೂ ಹೊರಗಿನಿಂದಲೇ ತರಿಸಬೇಕು. ತಿಥಿಯ ನಿಯಮವಿಲ್ಲದೆ ಬರುವವನು ಅತಿಥಿಯೆಂದು ಪಂಡಿತರು ಅರ್ಥ ಹೇಳುವರು. ಈ ಅತಿಥಿಯು ಮಾತ್ರ ತಿಥಿ ನೋಡಿಯೇ ಬರುವನು, ತಿಥಿ ನೋಡಿಯೇ ಹೋಗುವನು.

ಮಸಾರಿಯ ಹಿತ್ತಲೂ ಬೆಳಗಿನ ಬಿಡುವೂ ಉಳ್ಳ ವಾಚಕರು ಬರುವ ಹಿಂಗಾರಿಯಲ್ಲಿ ಇದನ್ನು ಮಾಡಿ ನೋಡಬೇಕೆಂದು ಬೇಡುವೆನು. ದೀಪಾವಳಿಗೆ ಮೂರು ವಾರ ಮೊದಲೇ, ನಂಬಿಕೆಯ ಪ್ರಮಾಣಿತ ಬೀಜವನ್ನು, ಕಣ್ಣು ತೆರೆದಿರುವವೋ ಇಲ್ಲವೋ ನೋಡಿ ತರಿಸಿಕೊಳ್ಳಿರಿ. ಎಳ್ಳಮಾವಾಸ್ಯೆಯ ಬುಟ್ಟಿಯಲ್ಲಿ ಒಂದು ಹಿಡಿ ಎಳೆಯ ಗಡ್ಡೆ ಇದ್ದರೆ ಹೊಲದವರು ಬೇಡವೆನ್ನುವದಿಲ್ಲ.