ದೀಪ ಹತ್ತದ ಕಿಟಕಿಗಳ ಗೋವಾ

ಪಣಜಿಯಲ್ಲಿ ಮಾಂಡೋವಿ ದಾಟಿದರೆ ಪರ್ವರಿ. ಮುಸ್ಸಂಜೆಯ ಹೊತ್ತಿಗೆ ಅಟಲ್ ಸೇತುವೆಯ ಮೇಲೆ ಹಾಯ್ದುಬಂದರೆ ಕೆಳಗೆ ಹೊಳೆಯಲ್ಲಿ ಕ್ಯಾಸಿನೋ ಹಡಗುಗಳ ಬಣ್ಣದ ಬೆಳಕು ಕದಡಿರುತ್ತದೆ, ಎದುರಿಗೆ ಗುಡ್ಡದ ತುಂಬ ಹೊಸ ಕಟ್ಟಡಗಳು ಒಂದರ ಹೆಗಲ ಮೇಲೆ ಒಂದು ನಿಂತಿರುತ್ತವೆ. ಒಂದು ತಲೆಮಾರಿನ ಹಿಂದೆ ಗೇರುಮರ, ಕಲ್ಲುಬಂಡೆಗಳಿದ್ದ ಬೋಳುಗುಡ್ಡ ಇಷ್ಟು ಬೇಗ ನಗರವಾಯಿತೇ ಎಂದು ಬೆರಗಾಗಿ ನೋಡುತ್ತ ನಿಂತೆ. ಕತ್ತಲಾಯಿತು. ರಸ್ತೆಯ ದೀಪಗಳು ಬಂದವು, ಅಂಗಡಿಗಳ ಬೋರ್ಡುಗಳು ಹತ್ತಿಕೊಂಡವು. ಗುಡ್ಡದ ಮೇಲಿನ ಕಿಟಕಿಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಬೆಳಕು. ಉಳಿದ ಮಹಡಿಗಳೆಲ್ಲ ಕಪ್ಪಗೇ ಉಳಿದವು.

ಅಂಥದೊಂದು ಕಟ್ಟಡದ ಗೇಟಿನಲ್ಲಿ ಕೂತಿದ್ದ ಕಾವಲುಗಾರ ನನ್ನ ಮಾತಿನ ಧಾಟಿ ಕೇಳಿದವನೇ, "ಯಾವೂರ್ರೀ ನಿಮ್ದು?" ಎಂದ. ಅವನು ಗದಗದ ಕಡೆಯವನು. ಇದೇ ಕಟ್ಟಡಕ್ಕೆ ಬುನಾದಿ ಅಗೆಯುವಾಗ ಬಂದವನು ಕೆಲಸ ಮುಗಿದ ಮೇಲೆ ವಾಚಮನ್ ಆಗಿ ಉಳಿದುಕೊಂಡಿದ್ದಾನೆ. ಮನೆಗಳಿಗೆ ಜನ ಬಂದಿಲ್ಲವೇ ಎಂದು ಕೇಳಿದೆ. "ಮಾರಾಟ ಎಲ್ಲಾ ಆಗ್ಯಾವ್ರೀ. ಡಿಸೆಂಬರದಾಗ ನಾಕೈದ ಮನಿಯವ್ರು ಬರ್ತಾರ, ಹೋಗ್ತಾರ. ತಿಂಗಳಿಗೊಮ್ಮಿ ನಾನ ಎಲ್ಲಾ ಮನಿಗೂ ಹೋಗಿ ನಳಾ ಬಿಟ್ಟ ಬರ್ತೇನಿ, ಇಲ್ಲಾಂದ್ರ ತುಕ್ಕ ಹಿಡೀತಾವ. ಮಳಿಗಾಲದಾಗ ಕಿಡಕಿ ತಗದ ಗಾಳಿ ಆಡಸಬೇಕ್ರೀ, ಗ್ವಾಡಿ ಬೂಸ್ಟ ಹಿಡೀತಾವ." ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಅವನು ಇರುವುದು ಕೆಳಗೆ, ಕಾರು ನಿಲ್ಲಿಸುವ ಜಾಗದ ಪಕ್ಕದ ಖೋಲಿಯಲ್ಲಿ. ಮೇಲೆ ಆರು ಮಹಡಿ ಮನೆಗಳ ಬೀಗದ ಕೈಗಳೆಲ್ಲ ಅವನ ಗೋಡೆಯ ಮೊಳೆಗಳಿಗೆ ನೇತಾಡುತ್ತಿದ್ದವು.

ಆ ಕೀಲಿಗೊಂಚಲುಗಳನ್ನು ಕಂಡ ಮೇಲೆ ನಾನು ಗೋವಾವನ್ನು ನೋಡಿದ ರೀತಿಯೇ ಬದಲಾಯಿತು. ಕಡಲು, ಇಗರ್ಜಿ, ದೂಧಸಾಗರ ಎಲ್ಲವೂ ಇದ್ದವು. ಕಣ್ಣು ಮಾತ್ರ ಬಾಗಿಲುಗಳ ಮೇಲಿತ್ತು.

2011ರ ಜನಗಣತಿಯವರು ಇಲ್ಲಿ ಎಣಿಸಿದ್ದು, ಅಂಗಡಿ ಮುಂಗಟ್ಟು ಎಲ್ಲ ಸೇರಿ, ಸುಮಾರು 5.76 ಲಕ್ಷ ಮನೆ-ಕಟ್ಟಡಗಳು. ಅದರಲ್ಲಿ ಸುಮಾರು 1.25 ಲಕ್ಷ ಖಾಲಿ. ಐದರಲ್ಲಿ ಒಂದಕ್ಕಿಂತ ಹೆಚ್ಚು! ದೇಶದ ಯಾವ ರಾಜ್ಯದಲ್ಲೂ ಖಾಲಿ ಮನೆಗಳ ಪಾಲು ಇಷ್ಟಿರಲಿಲ್ಲ. ಆಗ ಇಡೀ ಗೋವಾದಲ್ಲಿದ್ದ ಕುಟುಂಬಗಳೇ ಸುಮಾರು 3.2 ಲಕ್ಷ. ಅದೇ ಗಣತಿಯ ಪ್ರಕಾರ ಭಾರತದ ಪಟ್ಟಣಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಹತ್ತು ವರ್ಷದ ಹಿಂದೆ 65 ಲಕ್ಷ ಇದ್ದದ್ದು ಅಷ್ಟಕ್ಕೆ ಏರಿತ್ತು. 2021ರ ಗಣತಿ ನಡೆಯಲಿಲ್ಲ. ಆ ನಡುವೆ ಗೋವಾಕ್ಕೆ ಮೋಪಾದ ಎರಡನೆಯ ವಿಮಾನ ನಿಲ್ದಾಣ ಬಂತು, ಜುವಾರಿ ನದಿಗೆ ಹೊಸ ಕೇಬಲ್ ಸೇತುವೆ ಬಂತು, ಕೋವಿಡ್ ಕಾಲದಲ್ಲಿ ದಿಲ್ಲಿ-ಮುಂಬೈ-ಬೆಂಗಳೂರಿನ ದುಡ್ಡು ಅಸ್ಸಗಾಂವ್, ಶಿವೋಲಿ, ಮೊಯ್ರಾಗಳ ಹಳ್ಳಿದಾರಿ ಹಿಡಿಯಿತು.

ಖಾಲಿ ಮನೆಗಳಲ್ಲಿ ಎರಡು ಜಾತಿ. ಹೊಸದಕ್ಕಿಂತ ಹಳೆಯದೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು.

ಸಾಲಸೇಟೆ ತಾಲೂಕಿನ ಒಳದಾರಿಗಳಲ್ಲಿ, ಲೊಟೊಲಿ, ಚಾಂದೋರ್ ಕಡೆ ನಡೆದುಹೋಗಿ. ಚಿರೆಕಲ್ಲಿನ ದಪ್ಪ ಗೋಡೆ, ಗಾಜಿನ ಬದಲು ಸಿಂಪಿಯ ಚಿಪ್ಪು ಕೂರಿಸಿದ ಕಿಟಕಿ, ಮುಂದೆ ಮೆಟ್ಟಿಲೇರಿದರೆ ಎರಡೂ ಬದಿ ಕಲ್ಲಿನ ಆಸನವಿರುವ ಬಾಲ್ಕಾವ್ ಎಂಬ ಜಗುಲಿ. ಮಾಡಿಗೆ ಹೊದಿಸಿದ್ದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಸುಡತೊಡಗಿದ ಹೆಂಚು ಹಡಗು ಹತ್ತಿ ಬಂದು ಪೋರ್ಚುಗೀಸರ ಊರನ್ನೂ ಮಳೆಯಿಂದ ಕಾಯ್ದಿತು ಎಂದು ನೆನೆದರೆ ಮೈ ನವಿರೇಳುತ್ತದೆ. ಚಾಂದೋರಿನ ಬ್ರಗಾಂಜಾ ಮನೆಯಂಥ ಕೆಲವನ್ನು ಮನೆತನದವರು ಇಂದಿಗೂ ಜತನ ಮಾಡಿ ತೋರಿಸುತ್ತಾರೆ. ಅಕ್ಕಪಕ್ಕದ ಎಷ್ಟೋ ಮನೆಗಳ ಹೆಂಚು ಕುಸಿದು, ಹಜಾರದೊಳಗೇ ಆಲದ ಸಸಿ ಬೇರುಬಿಟ್ಟಿದೆ. ಕಬ್ಬಿಣದ ಗೇಟಿನ ಬೀಗಕ್ಕೆ ಬಳ್ಳಿ ಹಬ್ಬಿದೆ.

ಇವು ಬಡತನದಿಂದ ಬಿದ್ದವಲ್ಲ. ಗೋವಾದಲ್ಲಿ ಇಂದಿಗೂ ನಡೆಯುವ ಆಸ್ತಿ ಕಾನೂನಿನ ಬೇರು 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯಲ್ಲಿದೆ. ಅದರಂತೆ ಗಂಡಾಗಲಿ ಹೆಣ್ಣಾಗಲಿ ಮಕ್ಕಳಿಗೆಲ್ಲ ಪಾಲು ಉಂಟು. ಅವರನ್ನು ಬಿಟ್ಟು ಆಸ್ತಿಯನ್ನೆಲ್ಲ ಬೇರೆಯವರಿಗೆ ಬರೆಯಲು ಬರುವುದಿಲ್ಲ. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಕಟ್ಟಳೆ ನಮ್ಮ ಕಡೆ ಬಹುಕಾಲ ಇರಲಿಲ್ಲ. ಆದರೆ ಮೂರು ತಲೆಮಾರು ಕಳೆಯುವಷ್ಟರಲ್ಲಿ ಒಂದು ಮನೆಗೆ ಹತ್ತಾರು ವಾರಸುದಾರರು: ಒಬ್ಬರು ಲಿಸ್ಬನ್, ಒಬ್ಬರು ಇಂಗ್ಲೆಂಡಿನ ಸ್ವಿಂಡನ್, ಒಬ್ಬರು ಟೊರಾಂಟೊ, ಉಳಿದವರು ಕೊಲ್ಲಿಯಲ್ಲಿ. ಮಾರಬೇಕೆಂದರೆ ಎಲ್ಲರ ಸಹಿ ಬೇಕು. ಬಾಡಿಗೆಗೆ ಕೊಡೋಣವೆಂದರೆ, ಬಂದವರು ಮತ್ತೆ ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆ. ಮನೆ ಕಾಯುತ್ತಲೇ ಇರುತ್ತದೆ.

ಹೊಸ ಖಾಲಿ ಮನೆಗಳ ಕಥೆ ಅಷ್ಟು ಉದ್ದವಿಲ್ಲ. ಅವುಗಳನ್ನು ಕೊಂಡದ್ದೇ ಇರುವುದಕ್ಕಲ್ಲ. ಬ್ಯಾಂಕಿನಲ್ಲಿ ಇಡುವ ಠೇವಣಿಯ ಹಾಗೆ ಗುಡ್ಡದ ಮೇಲೆ ಇಟ್ಟ ಹಣ ಅದು. ಬೆಲೆ ಏರುವವರೆಗೆ ಬಾಗಿಲು ತೆರೆಯುವ ಅಗತ್ಯವಿಲ್ಲ.

ಈ ನೆಲಕ್ಕೆ ಖಾಲಿಯಾಗುವುದು ಹೊಸತೂ ಅಲ್ಲ. ಚಾಂದೋರ್ ಎಂದರೆ ನಮ್ಮ ಗೋವೆಯ ಕದಂಬರ ಚಂದ್ರಪುರ. ಅಲ್ಲಿಂದ ಅವರು ಜುವಾರಿ ದಂಡೆಯ ಗೋಪಕಪಟ್ಟಣಕ್ಕೆ ರಾಜಧಾನಿ ಒಯ್ದರು. ಇಂದು ಆ ರೇವುಪಟ್ಟಣದ ಗುರುತು ಹುಡುಕಿ ನೋಡಬೇಕು. ಕದಂಬರ ಹೆಸರು ಗೋವಾ ಸರ್ಕಾರದ ಬಸ್ಸುಗಳ ಮೈಮೇಲೆ ಉಳಿದು ಊರೂರು ತಿರುಗುತ್ತಿದೆ. ಪೋರ್ಚುಗೀಸರು 1510ರಲ್ಲಿ ಗೆದ್ದು ಕಟ್ಟಿ ಬೆಳೆಸಿದ ಹಳೇ ಗೋವಾ ಒಂದು ಕಾಲಕ್ಕೆ ಲಿಸ್ಬನ್ನಿಗೆ ಸಾಟಿ ಎನಿಸಿತ್ತು. ಮತ್ತೆ ಮತ್ತೆ ಬಂದ ರೋಗರುಜಿನಗಳಿಗೆ ಜನ ಅದನ್ನು ಬಿಟ್ಟುಹೋದರು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಸಂತ ಅಗಸ್ಟೀನರ ಇಗರ್ಜಿಯ ಗೋಪುರ 46 ಮೀಟರ್ ಎತ್ತರವಿತ್ತು. 1842ರಲ್ಲಿ ಚಾವಣಿ ಬಿತ್ತು, 1931ರಲ್ಲಿ ಗೋಪುರದ ಅರ್ಧ ಕುಸಿಯಿತು. ಉಳಿದರ್ಧದ ಬುಡದಲ್ಲಿ ನಿಂತು ತಲೆಯೆತ್ತಿದರೆ ಕೆಂಪುಕಲ್ಲಿನ ಬಿರುಕಿನಿಂದ ಗಿಳಿಗಳು ಹಾರುತ್ತವೆ. ಜನರಿದ್ದು, ಬಾಳಿ, ಬಿಟ್ಟುಹೋದ ಊರು ಅದು. ಯಾರೂ ಒಂದು ದಿನವೂ ಬಾಳದೆ ಹಳತಾಗುತ್ತಿರುವ ಊರನ್ನು ಗೋವಾ ಕಂಡದ್ದು ನಮ್ಮ ಕಾಲದಲ್ಲೇ.

ಈ ಹೊಸ ಮನೆಗಳನ್ನು ಕಟ್ಟುವವರು ಯಾರು? ಬೆಳಿಗ್ಗೆ ಮಡಗಾಂವ್ ಅಥವಾ ಮಾಪುಸಾದ ಕೂಲಿ ನಾಕಾದಲ್ಲಿ ನಿಂತರೆ ಕಿವಿಗೆ ಬೀಳುವುದು ಬಾಗಲಕೋಟೆ, ವಿಜಯಪುರ, ಕೊಪ್ಪಳ, ಹಾವೇರಿಗಳ ಕನ್ನಡ. ಗೌಂಡಿ ಕೈಯಲ್ಲಿ ಕರಣಿ, ಹೆಂಗಸರ ಕೈಯಲ್ಲಿ ಬುಟ್ಟಿ, ಬಟ್ಟೆಗಂಟಿನಲ್ಲಿ ಜೋಳದ ರೊಟ್ಟಿ. ಈಗೀಗ ಝಾರ್ಖಂಡ್, ಬಿಹಾರ, ಒಡಿಶಾದವರೂ ಪಕ್ಕದಲ್ಲಿ ನಿಲ್ಲುತ್ತಾರೆ. 2014ರ ಜನವರಿ 4ರಂದು ಕಾಣಕೋಣದಲ್ಲಿ ಕಟ್ಟುತ್ತಿದ್ದ ಐದು ಮಹಡಿಯ ಕಟ್ಟಡ ಕುಸಿದು 30ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೀಗೆ ಹೊರಗಿನಿಂದ ದುಡಿಯಲು ಬಂದವರು.

ಅವರ ಮನೆ ನೋಡಬೇಕೆಂದರೆ ವಾಸ್ಕೋ ಬಳಿಯ ಜುವಾರಿನಗರಕ್ಕೆ ಹೋಗಬೇಕು. ರಸಗೊಬ್ಬರ ಕಾರ್ಖಾನೆಯ ಆಸುಪಾಸಿನಲ್ಲಿ ಬೆಳೆದ ಈ ವಸತಿಯಲ್ಲಿ ಕಿರಾಣಿ ಅಂಗಡಿಯಲ್ಲಿ ಕನ್ನಡ, ನಳದ ಸಾಲಿನಲ್ಲಿ ಕನ್ನಡ, ಜಗಳವೂ ಕನ್ನಡದಲ್ಲೇ. ತಗಡಿನ ಮಾಡು, ಕೈ ಚಾಚಿದರೆ ಎರಡೂ ಗೋಡೆ ತಾಗುವ ಓಣಿ. ಸಂಜೆಯಾದರೆ ಒಂದು ಕಿಟಕಿಯೂ ಕತ್ತಲಿರುವುದಿಲ್ಲ! ವಾಸ್ಕೋದ ಬೈನಾ ದಂಡೆಯಲ್ಲೂ ಕನ್ನಡಿಗರ ಇಂಥದೇ ವಸತಿ ಇತ್ತು. 2004ರ ಜೂನ್‌ನಲ್ಲಿ, ಮಳೆಗಾಲದಲ್ಲೇ, ಬುಲ್ಡೋಜರ್ ಬಂತು. 2017ರಲ್ಲಿ ಮತ್ತೆ ಬಂತು. ಸಮುದ್ರದಂಚಿನ ಕಾನೂನು ಮೀರಿದ ಮನೆಗಳು ಎಂಬುದು ಆಗ ಆಡಳಿತದ ಮಾತು. ಕಾನೂನು ಇರಲಿ. ಆದರೆ ಒಂದೂಕಾಲು ಲಕ್ಷ ಮನೆ ಖಾಲಿ ಇದ್ದ ಪುಟ್ಟ ರಾಜ್ಯದಲ್ಲಿ, ಮನೆ ಕಳೆದುಕೊಂಡವರಿಗೆ ಮೊದಲು ಒಂದು ಸೂರು ತೋರಿಸುವುದು ಕಷ್ಟವಿರಲಿಲ್ಲ ಎಂದೇ ನಾನು ನಂಬುತ್ತೇನೆ.

ಜುವಾರಿನಗರ ಇರುವುದು ಸಾಂಕವಾಳ ಪಂಚಾಯತಿಯಲ್ಲಿ. ಅದೇ ಸಾಂಕವಾಳದ ಗುಡ್ಡದ ಮೇಲೆ ನೂರಾರು ಫ್ಲ್ಯಾಟುಗಳ ದೊಡ್ಡ ಯೋಜನೆ ಬರುತ್ತದೆಂದು 2024ರಲ್ಲಿ ಗ್ರಾಮಸ್ಥರು ಎದ್ದುನಿಂತರು. ನೀರೆಲ್ಲಿಂದ, ರಸ್ತೆ ಎಲ್ಲಿ, ಗುಡ್ಡ ಕಡಿದರೆ ಕೆಳಗಿನ ತೋಟದ ಗತಿಯೇನು ಎಂಬುದು ಅವರ ಪ್ರಶ್ನೆ. ಗೋವಾದವರು ಇಂಥ ಪ್ರಶ್ನೆ ಕೇಳುವುದರಲ್ಲಿ ಗಟ್ಟಿಗರು. 2006ರ ಡಿಸೆಂಬರಿನಲ್ಲಿ ಗೋವಾ ಬಚಾವೋ ಅಭಿಯಾನ್ ಹುಟ್ಟಿತು. ಹೊಲ-ಕಾಡುಗಳನ್ನು ಕಟ್ಟಡಕ್ಕೆ ತೆರೆದಿಟ್ಟಿದ್ದ ಪ್ರಾದೇಶಿಕ ಯೋಜನೆ ಮರುತಿಂಗಳೇ ಬಿದ್ದುಹೋಯಿತು. 2023ರಲ್ಲಿ ನಗರ ಯೋಜನಾ ಕಾಯ್ದೆಗೆ 17(2) ಎಂಬ ಕಲಂ ಸೇರಿ, ತಪ್ಪು ತಿದ್ದುವ ಹೆಸರಿನಲ್ಲಿ ತುಂಡು ತುಂಡಾಗಿ ಜಮೀನಿನ ವಲಯ ಬದಲಿಸುವ ದಾರಿ ತೆರೆಯಿತು. 2025ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದರ ನಿಯಮಾವಳಿಯನ್ನು ರದ್ದುಮಾಡಿತು. ಈ ಹೋರಾಟದಲ್ಲಿ ಕೆಲವೊಮ್ಮೆ ಕೋಪ ಘಟ್ಟದ ಮೇಲಿನಿಂದ ಬಂದ ಕೂಲಿಯವರ ಮೇಲೂ ತಿರುಗುತ್ತದೆ. ಅದು ನೋವಿನ ಸಂಗತಿ. ಗುಡ್ಡದ ಮೇಲೆ ಬೀಗ ಹಾಕಿಟ್ಟವರು ಅವರಲ್ಲ.

ದಾರಿ ಇಲ್ಲವೆಂದೇನಲ್ಲ. ದೊಡ್ಡ ಕಟ್ಟಡಗಳ ವೆಚ್ಚದಲ್ಲಿ ಶೇಕಡಾ 1ರಷ್ಟನ್ನು ಕಾರ್ಮಿಕರ ಕಲ್ಯಾಣಕ್ಕೆಂದು ವಸೂಲು ಮಾಡುವ ಕಾನೂನು 1996ರಲ್ಲೇ ಬಂತು. ಸರ್ಕಾರ ಕಟ್ಟಿ ಖಾಲಿ ಬಿಟ್ಟ ಮನೆಗಳನ್ನು ವಲಸೆ ಬಂದವರಿಗೆ ಕಡಿಮೆ ಬಾಡಿಗೆಗೆ ಕೊಡುವ ಕೇಂದ್ರದ ಯೋಜನೆ 2020ರಲ್ಲೇ ಬಂದಿದೆ. ಗೋವಾ ಮತ್ತು ಕರ್ನಾಟಕ ಸರ್ಕಾರಗಳು ಕೂತು ಮಾತಾಡಿ, ಕಾರ್ಮಿಕರ ಕಲ್ಯಾಣದ ಆ ಹಣದಿಂದ ಜುವಾರಿನಗರದವರಿಗೆ ಯೋಗ್ಯವಾದ ಬಾಡಿಗೆ ಮನೆಗಳನ್ನು ಕೊಡಲಿ. ವರ್ಷವಿಡೀ ಮುಚ್ಚಿಟ್ಟ ಎರಡನೆಯ ಮನೆಗೆ ಹೆಚ್ಚು ತೆರಿಗೆ ಬೀಳಲಿ. ಇದನ್ನು ಓದುತ್ತಿರುವವರಲ್ಲಿ ಪರ್ವರಿಯಲ್ಲೋ ಶಿವೋಲಿಯಲ್ಲೋ ಮನೆ ಕೊಂಡು ಬೀಗ ಹಾಕಿದವರಿದ್ದರೆ ಒಂದು ಬೇಡಿಕೆ: ಅದನ್ನು ಅಲ್ಲಿಯ ಒಬ್ಬ ನರ್ಸಿಗೋ, ಶಾಲೆಯ ಮೇಷ್ಟ್ರಿಗೋ, ಅದನ್ನು ಕಟ್ಟಿದ ಗೌಂಡಿಯ ಸಂಸಾರಕ್ಕೋ ಕೈಗೆಟಕುವ ಬಾಡಿಗೆಗೆ ಕೊಡಿ.