ತಿಳಿದು ಒಪ್ಪಿ, ದಣಿದು ಒಪ್ಪಬೇಡಿ

ತಾಲ್ಲೂಕು ಜೆಎಂಎಫ್‌ಸಿ ಕೋರ್ಟಿನ ವರಾಂಡದಲ್ಲಿ ಗೋಡೆಗೆ ಒರಗಿ ನಿಂತಿದ್ದೀರಿ. ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ನಿಮ್ಮ ಕೇಸಿನ ನಂಬರಿದೆ. ಬಸ್‌ಸ್ಟ್ಯಾಂಡಿನಲ್ಲಿ ದುಬಾರಿ ಮೊಬೈಲ್ ಕದ್ದಿರಿ ಎಂಬುದು ಆರೋಪ. ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಂ. ವಾಯಿದೆಗೆ ಬಂದ ಹಿರಿಯರೊಬ್ಬರು ಕಿವಿಯಲ್ಲಿ ಹೇಳುತ್ತಾರೆ: "ತಪ್ಪಾಯ್ತು ಅಂತ ಒಪ್ಕೊಂಡ್ಬಿಡಪ್ಪ. ದಂಡ ಕಟ್ಟಿ ಮನೆ ಸೇರ್ಕೋ. ಎಷ್ಟು ವರ್ಷ ಅಂತ ಅಲೀತೀಯ?"

ಕೂಲಿ ಬಿಟ್ಟು ಅಲೆದು ಸಾಕಾಗಿದೆ. ಆ ಮಾತು ಹಿತವಾಗಿಯೇ ಕೇಳುತ್ತದೆ.

ಅಟೆಂಡರ್ ಬಾಗಿಲಿಗೆ ಬಂದು ನಿಮ್ಮ ಹೆಸರು ಕೂಗುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು ಕಟಕಟೆ ಹತ್ತುತ್ತೀರಿ. ಬಂಧನವಾದ 24 ಗಂಟೆಯೊಳಗೆ ಪೊಲೀಸರು ನಿಮ್ಮನ್ನು ತಂದು ನಿಲ್ಲಿಸಿದ್ದೂ ಇಲ್ಲೇ. "ಹೊಡೆದರಾ? ಯಾಕೆ ಹಿಡಿದರು ಅಂತ ಹೇಳಿದರಾ? ಮನೆಗೆ ತಿಳಿಸಿದರಾ?" ಎಂದು ಮ್ಯಾಜಿಸ್ಟ್ರೇಟರು ಅವತ್ತು ಕೇಳಿದ್ದರು. ಕಾರಣ ತಿಳಿಯುವ, ವಕೀಲರನ್ನು ಕಾಣುವ ಹಕ್ಕು ಸಂವಿಧಾನದ 22ನೇ ವಿಧಿಯದು. 60 ದಿನವಾದರೂ ಚಾರ್ಜ್‌ಶೀಟ್ ಬರಲಿಲ್ಲ. ಆಗ ಜಾಮೀನು ನಿಮ್ಮ ಹಕ್ಕಾಯಿತು, ಹೊರಗೆ ಬಂದಿರಿ.

ಠಾಣೆಯಲ್ಲಿ ಆ ರಾತ್ರಿ ಹೆದರಿ "ನಾನೇ ತಗೊಂಡೆ" ಅಂದಿದ್ದಿರಿ. ಪೊಲೀಸ್ ಅಧಿಕಾರಿಯ ಮುಂದೆ ಆಡಿದ ಆ ತಪ್ಪೊಪ್ಪಿಗೆಯನ್ನು ನಿಮ್ಮ ವಿರುದ್ಧ ಬಳಸುವಂತಿಲ್ಲ. ಆದರೆ ಇವತ್ತು ಈ ಪೀಠದ ಮುಂದೆ ಆಡುವ ಮಾತು ಹಾಗಲ್ಲ. ಅದು ದಾಖಲಾಗುತ್ತದೆ.

ಮ್ಯಾಜಿಸ್ಟ್ರೇಟರು ದೋಷಾರೋಪಣೆಯನ್ನು ಕನ್ನಡದಲ್ಲಿ ಓದಿ ಹೇಳುತ್ತಾರೆ. ಬೆವರಿದ ಕೈಯಲ್ಲಿ ಕಟಕಟೆಯ ಪಟ್ಟಿ ಜಾರುತ್ತದೆ.

"ಅರ್ಥ ಆಯ್ತಾ?"

"ಆಯ್ತು ಸ್ವಾಮಿ."

"ತಪ್ಪು ಒಪ್ಪಿಕೊಳ್ತೀರೋ, ವಿಚಾರಣೆ ಬೇಕೋ?"

ಬೆರಳು ಆಡಿಸುತ್ತಿದ್ದ ಸ್ಟೆನೊ ತಲೆಯೆತ್ತಿ ನೋಡುತ್ತಾರೆ. ಕಾನೂನು ಸೇವಾ ಸಮಿತಿ ಉಚಿತವಾಗಿ ಕೊಟ್ಟ ವಕೀಲರು ಪಕ್ಕದಲ್ಲೇ ಇದ್ದಾರೆ. ಆಗಲೇ ವರಾಂಡದಲ್ಲಿ ಅವರು ಬಿಡಿಸಿ ಹೇಳಿದ್ದರು: "ಹೌದು ಅಂದರೆ ಇವತ್ತೇ ಅಪರಾಧಿ ಅಂತ ತೀರ್ಮಾನ ಆಗಬಹುದು. 3 ವರ್ಷದವರೆಗೂ ಶಿಕ್ಷೆ ಇದೆ. ಬರೀ ದಂಡ ಹಾಕಿ ಬಿಡ್ತಾರೆ ಅಂತ ಯಾರೂ ಮಾತು ಕೊಡೋಕಾಗಲ್ಲ. ಆಮೇಲೆ ನಾನು ನಿರಪರಾಧಿ ಅಂತ ಮೇಲ್ಮನವಿ ಹಾಕೋ ದಾರಿಯೂ ಮುಚ್ಚುತ್ತೆ. ಶಿಕ್ಷೆ ಹೆಚ್ಚಾಯ್ತು, ಕಾನೂನಿಗೆ ಒಪ್ಪಲ್ಲ ಅಂತ ಮಾತ್ರ ಕೇಳಬಹುದು. ಕಳ್ಳತನದಲ್ಲಿ ಇನ್ನೊಮ್ಮೆ ಶಿಕ್ಷೆಯಾದರೆ ಕನಿಷ್ಠ 1 ವರ್ಷ, 5 ವರ್ಷದವರೆಗೆ ಕಠಿಣ ಸಜೆ. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಶಿಕ್ಷೆಯಾಗಿದೆಯೇ ಅಂತ ಕೇಳ್ತಾರೆ, ಸುಳ್ಳು ಬರೆದರೆ ಅದೇ ಮುಳುವಾಗುತ್ತೆ. 2 ವರ್ಷ ಸಜೆಯಾದರೆ 5 ವರ್ಷ ಪಾಸ್‌ಪೋರ್ಟ್ ನಿರಾಕರಿಸಬಹುದು. ವಿಚಾರಣೆ ಬೇಕು ಅಂದರೆ ಆರೋಪ ಸಾಬೀತು ಮಾಡೋ ಹೊಣೆ ಸರ್ಕಾರದ ಕಡೆಯವರದು. ಸಾಕ್ಷಿಗಳನ್ನ ನಾನು ಪಾಟಿ ಸವಾಲು ಮಾಡ್ತೀನಿ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕಾಗಿಲ್ಲ."

ಮೊಬೈಲ್ ನೀವು ಕದ್ದಿಲ್ಲ. ಗಂಟಲು ಸರಿಮಾಡಿಕೊಳ್ಳುತ್ತೀರಿ.

"ಒಪ್ಪಲ್ಲ ಸ್ವಾಮಿ. ವಿಚಾರಣೆ ನಡೀಲಿ."

ಸ್ಟೆನೊ ಟೈಪ್ ಮಾಡುತ್ತಾರೆ. ಮ್ಯಾಜಿಸ್ಟ್ರೇಟರು ಸಾಕ್ಷಿಗಳಿಗೆ ಸಮನ್ಸ್ ಹೊರಡಿಸಿ ಮುಂದಿನ ವಾಯಿದೆ ಕೊಡುತ್ತಾರೆ. ಇನ್ನೂ ಅಲೆಯಬೇಕು, ನಿಜ. ಆದರೆ ಕಾನೂನಿನ ಕಣ್ಣಿಗೆ ನೀವು ಈಗಲೂ ನಿರಪರಾಧಿ.

ತಪ್ಪು ಮಾಡಿದವರು ಒಪ್ಪಿಕೊಳ್ಳುವುದು ದೊಡ್ಡತನವೇ. ಮೊದಲ ತಪ್ಪಿಗೆ ಜೈಲಿನ ಬದಲು ಸನ್ನಡತೆಯ ಮೇಲೆ ಬಿಡಲು 1958ರ ಪರಿವೀಕ್ಷಣಾ ಕಾಯ್ದೆಯೂ ಅವಕಾಶ ಕೊಡುತ್ತದೆ. ಏನೇ ಹೇಳುವುದಿದ್ದರೂ ವಕೀಲರನ್ನು ಕೇಳಿ ಹೇಳಿ. ಬಂಧನದಲ್ಲಿರುವವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು 1987ರ ಕಾನೂನು ಕೊಟ್ಟ ಹಕ್ಕು. ಸಹಾಯವಾಣಿ 15100. ಈ ಸಂಖ್ಯೆಯನ್ನು ಇವತ್ತೇ ಮನೆಯವರ ಫೋನಿನಲ್ಲಿ ಉಳಿಸಿಡಿ.