ಶರಾವತಿಯ ಜೊತೆಯಲ್ಲಿ ಒಂದು ಹಗಲು

ಭೂಮಿಯಲ್ಲಿ ಸಂಚರಿಸಿ, ಕಣ್ತೆರೆದು ನೋಡಬೇಕೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ನಮ್ಮ ಪ್ರವಾಸಗಳಾದರೋ ಫೋಟೊ ಮತ್ತು ತಿಂಡಿಯಲ್ಲೇ ಮುಗಿದು ಹೋಗುತ್ತವೆ. 2025ರ ಸೆಪ್ಟೆಂಬರಿನಲ್ಲಿ ನಾವು ಎರಡು ಕುಟುಂಬದವರು ಒಂದು ವ್ಯಾನಿನಲ್ಲಿ ಹೊನ್ನಾವರದಿಂದ ಜೋಗಕ್ಕೆ ಹೊರಟೆವು. ಶರಾವತಿ ಘಟ್ಟದಿಂದ ಕಡಲಿಗೆ ಇಳಿಯುತ್ತದೆ. ನಾವು ಕಡಲಿನಿಂದ ಘಟ್ಟಕ್ಕೆ ಹತ್ತುತ್ತಿದ್ದೆವು.

ಹೊನ್ನಾವರದ ಅಳಿವೆಯಲ್ಲಿ ಹೊಳೆ ಸಮುದ್ರದಷ್ಟೇ ಅಗಲ. ಸೇತುವೆಯ ಬಳಿ ಇಳಿದು ಮೀನುಗಾರರ ದೋಣಿಗಳನ್ನು ನೋಡುತ್ತಾ ನಿಂತೆವು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಇಬ್ನ್ ಬತೂತ, ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದಿದ್ದಾನೆ. ಇದನ್ನು ಕೇಳಿದ ನಮ್ಮ ಹೆಣ್ಣುಮಕ್ಕಳ ಮುಖ ಅರಳಿತು.

ಮುಂದೆ ಗೇರುಸೊಪ್ಪೆ. 16ನೇ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಆಳಿದ ನಾಡು. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದು ಕರೆದರು. ಅಲ್ಲಿಂದ ಘಟ್ಟ ಶುರು. ತಿರುವು ತಿರುವಿಗೂ ಬಂಡೆಯಿಂದ ಜಿಗಿಯುವ ಝರಿಗಳು. ಝುಹರ್‌ನ ಸಮಯವಾದಾಗ ಒಂದು ತೊರೆಯ ಬಳಿ ವ್ಯಾನ್ ನಿಲ್ಲಿಸಿದೆವು. ನೀರು ಹಿಮದಷ್ಟು ತಣ್ಣಗಿತ್ತು. ಮಕ್ಕಳು ಬೊಗಸೆ ಬೊಗಸೆ ಎರಚಿಕೊಳ್ಳುತ್ತಿದ್ದರು. “ವುಝೂವಿಗೆ ಬೇಕಾದಷ್ಟೇ ತಗೊಳ್ಳಿ” ಎಂದರು ಉಮ್ಮ. “ಹರಿಯೋ ನೀರಲ್ವಾ ಉಮ್ಮಾ, ಮುಗಿಯುತ್ತದಾ?” ಎಂದ ಕಿರಿಯವನು. ಹರಿಯುವ ನದಿಯ ದಡದಲ್ಲಿದ್ದರೂ ನೀರನ್ನು ಪೋಲು ಮಾಡಬಾರದೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ಉಮ್ಮ ಅಲ್ಲೇ ಅವನಿಗೆ ತಿಳಿಸಿದರು.

ಜೋಗದಲ್ಲಿ ಮಂಜು ಸರಿಯುವವರೆಗೆ ಕಾಯಬೇಕಾಯಿತು. ಸರಿದಾಗ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ಕಾಣಿಸಿದವು. 253 ಮೀಟರ್ ಎತ್ತರದಿಂದ ಬೀಳುವ ನೀರು! ಸುಬ್‌ಹಾನಲ್ಲಾಹ್ ಎನ್ನುವುದರ ಹೊರತು ಬೇರೆ ಮಾತು ಹೊರಡಲಿಲ್ಲ. ಬೇಸಿಗೆಯಲ್ಲೂ ಹೀಗೇ ಇರುತ್ತದೆಯೇ ಎಂದು ಮಕ್ಕಳು ಕೇಳಿದರು. ಇಲ್ಲ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಿಂದ ಹೊಳೆಯ ನೀರು ಅಲ್ಲಿ ನಿಂತು ವಿದ್ಯುತ್ತಾಗುತ್ತದೆ. ನಮ್ಮ ಮನೆಯ ದೀಪದಲ್ಲಿ ಈ ಜಲಪಾತದ ಪಾಲೂ ಇದೆ.

ಆ ಬೆಳಕಿಗೆ ಬೆಲೆ ತೆತ್ತವರ ಊರನ್ನೂ ನೋಡೋಣವೆಂದು ಸಾಗರದ ಮೇಲಾಗಿ ಹಿನ್ನೀರಿನ ಅಂಬಾರಗೋಡ್ಲಿಗೆ ಹೋದೆವು. ಎತ್ತ ನೋಡಿದರೂ ನೀರು, ನಡುನಡುವೆ ಗುಡ್ಡದ ತಲೆಗಳು. ಕೆಳಗೆ ಮುಳುಗಿರುವುದು ಗದ್ದೆ, ತೋಟ, ಮನೆಯಂಗಳಗಳು. ಸಾವಿರಾರು ಕುಟುಂಬಗಳು ಎತ್ತಂಗಡಿಯಾದವು. ಆ ಸಂಕಟವನ್ನು ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಕನ್ನಡಿಗರ ಮುಂದಿಟ್ಟರು. ಆಚೆ ದಡದವರಿಗೆ ಸೇತುವೆ ದೊರೆತದ್ದು 2025ರ ಜುಲೈಯಲ್ಲಿ. ಚಹಾದಂಗಡಿಯಲ್ಲಿದ್ದ ಹಿರಿಯರೊಬ್ಬರು ಹೇಳಿದರು: “ಕರೆಂಟು ಬೆಂಗಳೂರಿಗೆ ಹೋತು. ರಾತ್ರಿ ಹೆರಿಗೆ ನೋವು ಬಂದ್ರೆ ನಾವು ಬೆಳಗಿನ ಲಾಂಚಿಗೆ ಕಾಯ್ಬೇಕಿತ್ತು.” ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನಮ್ಮನ್ನು ಹೆಚ್ಚು ಚುಚ್ಚಿತು.

ಮುಳುಗಡೆಯ ಸಂತ್ರಸ್ತರಲ್ಲಿ ಅನೇಕರು ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. ಜಲಪಾತವನ್ನು ಕಂಡು ಅಲ್ಲಾಹನನ್ನು ಸ್ತುತಿಸುವುದು ಸುಲಭ. ಆದರೆ ಅವನ ಅನುಗ್ರಹ ನಮ್ಮನ್ನು ತಲುಪಲು ಯಾರ ಅಂಗಳ ಮುಳುಗಿತೆಂದು ವಿಚಾರಿಸುವುದೂ ಕೃತಜ್ಞತೆಯ ಭಾಗವೇ. ಜೋಗಕ್ಕೆ ಹೋಗುವವರು ಇನ್ನೊಂದಿಷ್ಟು ದೂರ ಸಾಗಿ, ಆ ಹಿನ್ನೀರಿನ ದಡದಲ್ಲೂ ಸ್ವಲ್ಪ ಹೊತ್ತು ಕುಳಿತು, ಅಲ್ಲಿಯವರ ಮಾತು ಕೇಳಿ ಬರಲಿ.